ಹನ್ನವ್ವ ಹೇಳಿದ ಸಾಕ್ಷಿ

ಬೈಗುಳದಿಂದ ಕೆಟ್ಟ ಮನೆಗಳು ಇಳಕಲ್ಲಿನಲ್ಲಿ ಬೇಕಾದಷ್ಟಿದ್ದವು. ಹೊಗಳಿಕೆಯಿಂದ ಕೆಟ್ಟದ್ದು ಸಿಮಿಯೋನಪ್ಪನ ಮನೆಯೊಂದೇ ಇರಬೇಕು.

ಅಂದು ಸಂತೆ. ಸಿಮಿಯೋನಪ್ಪ ನೇಯ್ದ ಸೀರೆಗಳನ್ನು ಸಾವಕಾರನ ಅಂಗಡಿಗೆ ಮುಟ್ಟಿಸಿ, ಬದನೆಕಾಯಿ, ಪುಂಡಿಪಲ್ಯ ಕೊಂಡು ಮನೆಯ ದಾರಿ ಹಿಡಿದಿದ್ದ. ವಾಚನಾಲಯದ ಕಟ್ಟೆಯ ಮೇಲಿದ್ದ ಪಂಢರೀನಾಥ ಮಾಸ್ತರರು ಅವನನ್ನು ಕಂಡದ್ದೇ ಎದ್ದು ನಿಂತರು. ಸರಕಾರಿ ಶಾಲೆಯ ಮಾಸ್ತರರು, ಓದಿಕೊಂಡ ಬ್ರಾಹ್ಮಣರು, ಒಬ್ಬ ನೇಕಾರನಿಗೆ, ಅದೂ ಕ್ರೈಸ್ತ ನೇಕಾರನಿಗೆ, ನಡುಸಂತೆಯಲ್ಲಿ ಎದ್ದು ನಿಂತದ್ದು ಜನಕ್ಕೆಲ್ಲ ಕಂಡಿತು.

“ಸಿಮಿಯೋನಪ್ಪಾ, ನಿಮ್ಮ ಸೊಸಿ ಕಥಿ ಓದಿದೆ ನೋಡ್ರಿ. ಏನ್ ಬರದಾರ್ರೀ! ನಮ್ಮ ಮನ್ಯಾಗ ಓದಿ ತೋರಿಸಿದ್ರ ನಮ್ಮಾಕಿ ಊಟಾ ಬಿಟ್ಟು ಅತ್ಲು.”

“ನಮ್ಮ ಹನ್ನವ್ವ? ಕಥಿ?”

“ಧಾರವಾಡದ ಮಾಸಪತ್ರಿಕಿಯೊಳಗ ಬಂದದ. ತಗೋರಿ, ಮನ್ಯಾಗ ಎಲ್ಲಾರೂ ಕೂತು ಓದ್ರಿ.”

ಸಿಮಿಯೋನಪ್ಪ ಊರಿನ ಸಣ್ಣ ಸಭೆಯ ಹಿರಿಯ. ಭಾನುವಾರ ಕಾಣಿಕೆಯ ತಟ್ಟೆ ಹಿಡಿಯುವವನು, ತಿಂಗಳಿಗೊಮ್ಮೆ ಕರ್ತನ ಭೋಜನದಲ್ಲಿ ಯೇಸುವಿನ ಶರೀರವೆಂದು ಹಂಚುವ ರೊಟ್ಟಿಯನ್ನು ಸಾಲುಸಾಲಿಗೆ ಒಯ್ಯುವವನು. ಅಚ್ಚಾದದ್ದು ಎಂದರೆ ಅವನಿಗೆ ಸತ್ಯವೇದ, ಕೀರ್ತನೆಯ ಪುಸ್ತಕ, ಪಂಚಾಂಗ, ಇಷ್ಟೇ. ಸೊಸೆಯ ಹೆಸರು ಅಚ್ಚಾಗಿದೆ ಎಂದರೆ ದೇವರ ವಿಷಯವೇ ಬರೆದಿರಬೇಕು ಎಂದುಕೊಂಡ. ದಾರಿಯುದ್ದಕ್ಕೂ ತಾನೇ ಡಂಗುರ ಸಾರಿದ. ಬಾಬುಸಾಬನ ಎಲೆಯಡಿಕೆ ಅಂಗಡಿಯ ಮುಂದೆ ನಿಂತು ಹೇಳಿದ. ಸಭೆಯ ಇನ್ನೊಬ್ಬ ಹಿರಿಯ ಯೋಸೇಫಪ್ಪನ ಮನೆಯ ಬಾಗಿಲಿಗೆ ಹೋಗಿ, “ನನ್ನ ಸೊಸಿ ಪತ್ರಿಕಿಗೆ ಬರದಾಳಪಾ, ನೀನೂ ತರಿಸಿ ಓದು” ಎಂದ. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವವರಿಗೆ ಅದರ ಅರಿವು ಇರುವುದಿಲ್ಲ.

ಮನೆಯಲ್ಲಿ ಐವರು. ಪಡಸಾಲೆಯಲ್ಲಿ ಮಗ್ಗದ ಕುಣಿ. ಅದರಲ್ಲಿ ಹಗಲೆಲ್ಲ ಸಿಮಿಯೋನಪ್ಪ. ಪಕ್ಕದಲ್ಲಿ ಕಂಡಕಿಗೆ ನೂಲು ಸುತ್ತುವ ರಾಟಿ. ಅದರ ಮುಂದೆ ಅವನ ಹೆಂಡತಿ ರಾಹೇಲವ್ವ. ಮಗ ಕರುಣಾಕರ ಓಣಿಯ ಮಿಶನ್ ಶಾಲೆಯಲ್ಲಿ ಮಾಸ್ತರ. ಮಗಳು ದಯಾವತಿಗೆ ಮದುವೆಯ ಮಾತು ನಡೆದಿತ್ತು. ಹುಡುಗ ಬಾದಾಮಿಯ ದವಾಖಾನೆಯಲ್ಲಿ ಕಂಪೌಂಡರ. ಐದನೆಯವಳು ಸೊಸೆ ಹನ್ನವ್ವ, ಗದುಗಿನ ಕಡೆಯ ಬೋರ್ಡಿಂಗ್ ಶಾಲೆಯಲ್ಲಿ ಕಲಿತವಳು. ಒಲೆಯ ಮುಂದೆ ಕುಳಿತರೂ ತೊಡೆಯ ಮೇಲೊಂದು ಕಾದಂಬರಿ ಇರುತ್ತಿತ್ತು. “ರೊಟ್ಟಿ ಹೊತ್ತೀತು, ನಿನ್ನ ರಾಜಕುಮಾರ ಬಂದು ತಿರುವಿ ಹಾಕ್ತಾನೇನ?” ಎಂದು ಅತ್ತೆ ಛೇಡಿಸುತ್ತಿದ್ದಳು. ಆರನೆಯದೊಂದು ಜೀವವೂ ಇತ್ತು, ಹನ್ನವ್ವನ ಮಗಳು ರೂತಿ. ಹಿಂದಿನ ವರ್ಷ ಜ್ವರ ಬಂದು ತೀರಿಕೊಂಡಿತು.

ಅಂದಿನ ಊಟ ಸಂಭ್ರಮದಿಂದ ನಡೆಯಿತು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಮಾವ ಎರಡು ಸಲ “ಹನ್ನವ್ವಗ ಹಾಕ್ರಿ, ಆಕಿಗೆ ಹಾಕ್ರಿ” ಎಂದ. ಪತ್ರಿಕೆ ಮಾವನ ಕೈಗೆ ಸಿಕ್ಕೀತೆಂದು ಹನ್ನವ್ವ ಎಣಿಸಿರಲಿಲ್ಲ. ಕರುಣಾಕರ ತಲೆ ಎತ್ತದೆ ಉಣ್ಣುತ್ತಿದ್ದ. ಆ ಕಥೆ ಅವನ ಮುಂದೆಯೇ ಹುಟ್ಟಿದ್ದು. ಹನ್ನವ್ವ ಒಂದೊಂದು ಸಾಲಿಗೂ “ಇದು ಬರೋಬರಿ ಆತೇನು?” ಎಂದು ಅವನನ್ನು ಕೇಳಿದ್ದಳು, ಅಂಚೆಗೆ ಹಾಕಿದವನೂ ಅವನೇ.

ಊಟದ ನಂತರ ಮನೆಯಲ್ಲಿ ದಿನವೂ ಪ್ರಾರ್ಥನೆ. ಸತ್ಯವೇದದ ಒಂದು ಅಧ್ಯಾಯ, ಒಂದು ಕೀರ್ತನೆ. ಶುಕ್ರವಾರ ಓಣಿಯವರೆಲ್ಲ ಸೇರಿದರೆ ಸಾಕ್ಷಿಯೂ ಇರುತ್ತಿತ್ತು. ಒಬ್ಬೊಬ್ಬರೇ ಎದ್ದು ತಮಗೆ ಏನಾಯಿತು, ದೇವರು ಹೇಗೆ ನಡೆಸಿದ ಎಂದು ಹೇಳಬೇಕು. ನಾನು ಕುಡಿಯುತ್ತಿದ್ದೆ, ಬಿಟ್ಟೆ. ನನ್ನ ಎಮ್ಮೆ ಕಳೆದಿತ್ತು, ಸಿಕ್ಕಿತು. ಏನೇ ಹೇಳಲಿ, ಕೊನೆಗೆ ‘ದೇವರಿಗೆ ಸ್ತೋತ್ರ’ ಎನ್ನಬೇಕು. ಉಳಿದವರು ‘ಆಮೆನ್’ ಎನ್ನಬೇಕು. ಆ ಜನಕ್ಕೆ ಬೇರೆ ಕಥೆಗಳೇ ಇರಲಿಲ್ಲ. ದೇವರ ಮುಂದೆ ನಿಂತು ಆಗದ್ದನ್ನು ಆಯಿತೆಂದು ಹೇಳಿದವರು ಆ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ರೂತಿ ಸತ್ತ ಮೇಲೆ ಹನ್ನವ್ವ ಸಾಕ್ಷಿ ಹೇಳುವುದನ್ನೇ ಬಿಟ್ಟಿದ್ದಳು. ತನ್ನ ಸರದಿ ಬಂದಾಗ ಒಂದು ಕೀರ್ತನೆ ಹಾಡಿ ಕೂತುಬಿಡುವಳು. ಸ್ತೋತ್ರದಿಂದ ಮುಗಿಯುವ ಯಾವ ಮಾತೂ ಅವಳಲ್ಲಿ ಇರಲಿಲ್ಲ. ಅದಕ್ಕೇ ಕಥೆ ಬರೆದಳು.

ಆ ಸಂಜೆ ಮಾವ ಸತ್ಯವೇದವನ್ನು ಮುಚ್ಚಿ ಬದಿಗಿಟ್ಟು, “ದಯಾ, ನಿನ್ನ ವೈನಿ ಬರದದ್ದು ಓದು, ಕೇಳೋಣು” ಎಂದ. ದಯಾವತಿ ಖುಷಿಯಿಂದ ಓದತೊಡಗಿದಳು.

ಕಥೆಯಲ್ಲಿ ಒಬ್ಬ ತಾಯಿ ತಾನೇ ತನ್ನ ಮಾತು ಹೇಳುತ್ತಾಳೆ. ಅವಳ ಕೂಸು ಜ್ವರದಲ್ಲಿದೆ. ದವಾಖಾನೆಯ ಔಷಧಿ ಹತ್ತಲಿಲ್ಲ, ಪ್ರಾರ್ಥನೆಯೂ ಹತ್ತಲಿಲ್ಲ. ಅವಳು ಕರ್ತನ ಭೋಜನಕ್ಕೆ ಹೋಗಿ, ಬಾಯಿಗೆ ಇಟ್ಟುಕೊಂಡ ರೊಟ್ಟಿಯ ತುಣುಕನ್ನು ನುಂಗದೆ ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ತರುತ್ತಾಳೆ. ಇದು ಆತನ ಶರೀರವೇ ಆಗಿದ್ದರೆ ನನ್ನ ಮಗು ಏಳಲಿ ಎಂದು ಕೂಸಿನ ಬಾಯಿಗೆ ಇಡುತ್ತಾಳೆ. ಕೂಸು ಅದನ್ನು ನಾಲಿಗೆಯಿಂದ ಹೊರಗೆ ತಳ್ಳಿ ಕಣ್ಣು ಮುಚ್ಚುತ್ತದೆ. ತಾಯಿ ಆ ತುಣುಕನ್ನು ಒರೆಸಿ ಒಲೆಗೆ ಹಾಕಿ, ನೆರೆದ ಜನಕ್ಕೆ ಚಹಾ ಇಡುತ್ತಾಳೆ. ಅಲ್ಲಿಗೆ ಕಥೆ ಮುಗಿಯಿತು.

ದಯಾವತಿಯ ದನಿ ಕೊನೆಕೊನೆಗೆ ಒಡೆದಿತ್ತು. ರಾಹೇಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಾವ ಮಗಳ ಕೈಯಿಂದ ಪತ್ರಿಕೆ ತೆಗೆದುಕೊಂಡು ಸೊಸೆಯನ್ನು ಕೇಳಿದ:

“ಯಾವಾಗ ಮಾಡಿದಿ ಇದನ್ನ?”

“ನಾ ಮಾಡಿಲ್ರಿ ಮಾವಾರ. ಅದು ಕಥಿ.”

“ರೊಟ್ಟಿ ತಾಟು ಹಿಡಿದಾಂವ ನಾನು. ನನ್ನ ಕೈಯಿಂದ ತಗೊಂಡು ನೀ ಸೆರಗಿಗೆ ಕಟ್ಟಿದಿ?”

“ಕಟ್ಟಿಲ್ರಿ. ಅದು ಮನಸಿನ್ಯಾಗ ಹುಟ್ಟಿದ್ದು.”

“ಇಂಥಾದ್ದು ಸುಮ್ನ ಹುಟ್ಟತೈತೇನ?”

“ಕರ್ತನೂ ಕಥಿ ಹೇಳ್ಯಾನಲ್ರಿ ಮಾವಾರ. ತಪ್ಪಿಹೋದ ಮಗನ ಕಥಿ ಹೇಳಲಿಲ್ಲೇನು?”

“ಒಬ್ಬ ಮನಷ್ಯಾಗ ಇಬ್ರು ಮಕ್ಕಳಿದ್ರು ಅಂತ ಹೇಳಿದ. ಮನಿ ಬಿಟ್ಟು ಹೋಗಿ ಹಂದಿ ಕಾದಾಂವ ಆ ಮಗ. ತಾನಽ ಹಂದಿ ಕಾದೆ ಅಂತ ಕರ್ತ ಹೇಳಿದ್ನೇನು?”

ಕರುಣಾಕರ ಬಾಯಿ ಹಾಕಿದ: “ಅಪ್ಪಾ, ನಾ ಓದಿದ್ದೆ ಇದನ್ನ. ಆಕಿ ಕಟ್ಟಿ ಬರದದ್ದು.”

“ನೀ ಓದಿ ಸುಮ್ನಿದ್ದೀ? ಭಾಳ ಛಲೋ ಆತು,” ಎಂದ ಸಿಮಿಯೋನಪ್ಪ. ಆ ದಿನ ಪ್ರಾರ್ಥನೆ ಆಗಲಿಲ್ಲ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಕಥೆ ಸುಮ್ಮನೆ ಹುಟ್ಟಿರಲಿಲ್ಲ. ರೂತಿಯ ಜ್ವರ ಏರಿದಾಗ ರಾಹೇಲವ್ವ ಪಕ್ಕದ ಮನೆಯ ಜೋಹರಾಳಿಗೆ ಹೇಳಿ ದರ್ಗಾದಿಂದ ಊದ ತರಿಸಿದ್ದಳು. ಆ ಬೂದಿಯನ್ನು ಕೂಸಿನ ಹಣೆಗೆ ಹಚ್ಚಿ, ಗಂಡ ಬರುವ ಸಪ್ಪಳ ಕೇಳಿದ್ದೇ ಒದ್ದೆ ಅರಿವೆಯಿಂದ ಒರೆಸಿಬಿಟ್ಟಳು. ಹನ್ನವ್ವ ಅದನ್ನು ಬಾಗಿಲಲ್ಲಿ ನಿಂತು ನೋಡಿದ್ದಳು. ಮುದುಕಿಯ ಆ ಅವಸರದ ಕೈ ಅವಳ ಮನಸ್ಸಿನಲ್ಲಿ ಉಳಿಯಿತು. ಬರೆಯುವಾಗ ಊದ ಹೋಗಿ ರೊಟ್ಟಿ ಬಂತು, ಅಜ್ಜಿ ಹೋಗಿ ತಾಯಿ ಬಂದಳು. ಅತ್ತೆಯ ಗುಟ್ಟು ಕಾಯುವುದಕ್ಕೂ ಅದೇ ದಾರಿಯಾಗಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಂದಿನಿಂದ ರಾಹೇಲವ್ವ ಸೊಸೆಯ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಮಾತು ಓಣಿ ತುಂಬಲು ಹೊತ್ತು ಬೇಕಾಗಲಿಲ್ಲ. ಯೋಸೇಫಪ್ಪ ಪತ್ರಿಕೆ ತರಿಸಿಯೇ ಬಿಟ್ಟಿದ್ದ. ಬಾವಿಯ ಕಟ್ಟೆಯಲ್ಲಿ ಹೆಂಗಸರು ಹನ್ನವ್ವನಿಗೆ ಮೊದಲು ನೀರು ಸೇದಲು ಬಿಟ್ಟು ದೂರ ನಿಲ್ಲತೊಡಗಿದರು. ಒಬ್ಬಳಂತೂ ಕನಿಕರದಿಂದ, “ಹೆತ್ತ ಕರಳು ನೋಡವಾ, ನಾನಾದ್ರೂ ಅದನ್ನಽ ಮಾಡ್ತಿದ್ನೋ ಏನೋ” ಎಂದಳು. ಬೈದಿದ್ದರೆ ಹನ್ನವ್ವನಿಗೆ ಇಷ್ಟು ಉರಿಯುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದು ಒಂದೇ ಮಾತು: ಇವಳು ಮಾಡಿಲ್ಲ, ಕಟ್ಟಿ ಬರೆದಳು, ಕಟ್ಟಿ ಬರೆದದ್ದು ತಪ್ಪಲ್ಲ. ಅದನ್ನು ಹೇಳುವ ಬಾಯಿ ಓಣಿಯಲ್ಲಿ ಸಿಗಲಿಲ್ಲ.

ಪಂಢರೀನಾಥ ಮಾಸ್ತರರು ಹೇಳಿದರು. ಸುದ್ದಿ ಕೇಳಿ ಪಾಪ, ತಾವೇ ಮನೆಗೆ ಬಂದು ಮಗ್ಗದ ಬದಿಗೆ ಕುಳಿತರು. “ಸಿಮಿಯೋನಪ್ಪಾ, ಕಥಿಯೊಳಗ ಬರೋದೆಲ್ಲಾ ಬರದವರ ಬಾಳೇ ಅಲ್ರಿ. ಕೊಲಿ ಮಾಡಿದವನ ಕಥಿ ಬರದವರು ಕೊಲಿ ಮಾಡಿರ್ತಾರೇನು?”

ಸಿಮಿಯೋನಪ್ಪ ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ. “ಮಾಸ್ತರ, ನೀವು ದೊಡ್ಡವರು. ನಿಮ್ಮ ಗುಡಿ ಪ್ರಸಾದಾ ಒಲಿಗೆ ಹಾಕಿದೆ ಅಂತ ನಿಮ್ಮ ಸೊಸಿ ಬರದ್ರ, ಛಲೋ ಬರದಾಳ ಅಂತ ಸಂತ್ಯಾಗ ಎದ್ದು ನಿಲ್ತಿದ್ರೇನ್ರಿ?”

ಮಾಸ್ತರರು ಚಹಾ ಕುಡಿಯದೆ ಹೋದರು. ಪರರ ಮನೆಯ ಕಥೆಗೆ ಅಳುವುದು ಸುಲಭ ಎಂಬುದು ಅವರಿಗೂ ಹೊಳೆದಿರಬೇಕು.

ಆಮೇಲೆ ಮನೆಯ ಊಟದ ರುಚಿಯೇ ಹೋಯಿತು. ಸಿಮಿಯೋನಪ್ಪ ಸೊಸೆಯ ಕೈಯ ರೊಟ್ಟಿ ತಿನ್ನುತ್ತಿದ್ದ, ಮಾತು ಮಾತ್ರ ಮಗಳ ಜೊತೆ: “ದಯಾ, ಉಪ್ಪು ಕಡಿಮಿ ಆಗೇತಿ ಅಂತ ಹೇಳು.” ಹನ್ನವ್ವ ಎರಡು ಮೊಳ ದೂರದಲ್ಲೇ ಕುಳಿತಿರುತ್ತಿದ್ದಳು. ಬಾದಾಮಿಯಿಂದ ಕಂಪೌಂಡರನ ತಂದೆ ಬರುವವನಿದ್ದ, ಬರಲಿಲ್ಲ. ‘ಕ್ರಿಸ್ತಜಯಂತಿ ಮುಗೀಲಿ, ಮುಂದ ನೋಡೋಣು’ ಎಂದು ಹೇಳಿ ಕಳಿಸಿದ. ದಯಾವತಿ ಅಂದು ರಾಟಿಯ ಮುಂದೆ ಕುಳಿತು ನೂಲು ಹರಿದದ್ದೇ ಹರಿದದ್ದು.

“ಹುಷಾರಿಂದ ಎಳಿಯವಾ,” ಎಂದಳು ಹನ್ನವ್ವ.

“ನೀವೇನ್ ಹೇಳಬ್ಯಾಡ್ರಿ ವೈನಿ. ನಿಮ್ಮಿಂದಽ ಇಷ್ಟೆಲ್ಲಾ.”

“ನೀನಽ ಓದಿ ಅತ್ತಿದ್ಯಲ್ಲ ದಯಾ. ಭಾಳ ಛಲೋ ಐತಿ ಅಂದಿದ್ದಿ.”

“ಆಗ ಛಲೋ ಇತ್ತು. ಈಗ ನನ್ನ ಮದಿವಿ ನಿಂತೈತಿ. ತಪ್ಪಾತು ಅಂತ ಒಂದ ಮಾತು ಅಂದ್ಬಿಡ್ರಲಾ, ನಿಮ್ಮ ಗಂಟೇನ್ ಹೋಗತೈತಿ?”

ಹನ್ನವ್ವನ ಕಾದಂಬರಿಗಳನ್ನೆಲ್ಲ ಕದ್ದು ಕದ್ದು ಓದಿ ಬೆಳೆದ ಹುಡುಗಿ ಅದು. ಹನ್ನವ್ವ ಒಳಗೆ ಹೋಗಿ ಜೋಳದ ಹಿಟ್ಟು ನಾದಲು ಕುಳಿತಳು, ಕಣ್ಣೀರು ಹಿಟ್ಟಿಗೆ ಬೀಳದಂತೆ ಮುಖ ಆಚೆ ತಿರುಗಿಸಿಕೊಂಡು.

ಶಾಲೆಯ ಕಮಿಟಿಯಲ್ಲಿ ಯೋಸೇಫಪ್ಪ ಇದ್ದ. ಅವನು ಕರುಣಾಕರನನ್ನು ಕರೆದು ನಯವಾಗಿಯೇ ಹೇಳಿದ: ಮಕ್ಕಳಿಗೆ ಸತ್ಯವೇದ ಕಲಿಸುವ ಮಾಸ್ತರನ ಮನೆ ನೆಟ್ಟಗಿರಬೇಕು, ಕ್ರಿಸ್ತಜಯಂತಿಗೆ ಸಭಾಪಾಲಕರು, ನಮ್ಮ ಪಾದ್ರಿ, ಬರುತ್ತಾರೆ, ಅವರ ಮುಂದೆ ಹೆಂಡತಿಯಿಂದ ತಪ್ಪು ಒಪ್ಪಿಸಿ ಮುಗಿಸಿಕೊ, ಇಲ್ಲವಾದರೆ ಮುಂದಿನ ವರ್ಷದ ಮಾತು ನಮ್ಮ ಕೈಯಲ್ಲಿಲ್ಲ. ಕರುಣಾಕರ ಮನೆಗೆ ಬಂದು ಟೊಪ್ಪಿಗೆಯನ್ನು ಗೂಟಕ್ಕೆ ಹಾಕಲೂ ಮರೆತು ಹೆಂಡತಿಯ ಮುಂದೆ ನಿಂತ.

“ಪಾಲಕರ ಮುಂದ ಮಾಡೇನಿ ಅಂದ್ಬಿಡು ಹನ್ನಾ.”

“ಮಾಡಿಲ್ಲ ಅಂತ ನಿಮಗ ಗೊತ್ತೈತಿ.”

“ನನಗ ಗೊತ್ತೈತಿ. ನನಗ ಗೊತ್ತಿದ್ದದ್ದು ಸಾಕಾಗೂದಿಲ್ಲ.”

“ದೇವರ ಮುಂದ ಸುಳ್ಳು ಹೇಳಂತೀರೇನು?”

“ಪತ್ರಿಕಿಯೊಳಗ ಹೇಳಿದ್ದು ಏನಿತ್ತು ಮತ್ತ?” ಎಂದುಬಿಟ್ಟ ಕರುಣಾಕರ. ಅಂದದ್ದೇ ನಾಲಿಗೆ ಕಚ್ಚಿಕೊಂಡ, ಆದರೆ ಆಡಿದ ಮಾತು ಆಡಿಹೋಗಿತ್ತು.

ಬಾಗಲಕೋಟೆಯಿಂದ ಸಭಾಪಾಲಕರು ಕ್ರಿಸ್ತಜಯಂತಿಗೆ ಮುಂಚಿನ ಶನಿವಾರ ಬಸ್ಸಿಳಿದರು. ಊರಿಗೆ ಬಂದಾಗ ಅವರ ಊಟ ಸಿಮಿಯೋನಪ್ಪನ ಮನೆಯಲ್ಲೇ. ಹೀಗಾಗಿ ತನ್ನ ನ್ಯಾಯ ಮಾಡಲು ಬಂದವರಿಗೆ ಹನ್ನವ್ವನೇ ರೊಟ್ಟಿ ಬಡಿಯಬೇಕಾಯಿತು. ಪಾಲಕರು, ಯೋಸೇಫಪ್ಪ, ಸಿಮಿಯೋನಪ್ಪ ಸಾಲಾಗಿ ಕುಳಿತು ಉಂಡರು. ಊಟದುದ್ದಕ್ಕೂ ಮುಂಬಯಿ ಬಿಟ್ಟು ಕನ್ನಡ ರಾಜ್ಯ ಸೇರುವ ಮಾತೇ ಮಾತು. ನೆಂಚಿಕೊಳ್ಳಲು ಝುಣಕ ಇತ್ತು. ಪಾಲಕರು ಕೇಳಿ ಕೇಳಿ ಹಾಕಿಸಿಕೊಂಡರು. ಕೈ ತೊಳೆದ ಮೇಲೆ ಹನ್ನವ್ವನನ್ನು ಕರೆದರು.

ಪಾಲಕರು ಕೆಟ್ಟವರಲ್ಲ. ವಯಸ್ಸಾದವರು, ಎರಡು ಮಕ್ಕಳನ್ನು ಮಣ್ಣು ಮಾಡಿದವರು. “ಕೂಡವಾ,” ಎಂದರು. “ಓದಿದೆ ನಾ. ನನಗೂ ಕಣ್ಣಾಗ ನೀರು ಬಂತು. ಒಂದಽ ಮಾತು ಹೇಳು. ಇದು ಆಗಿದ್ದೋ, ಆಗದ್ದೋ?”

“ಆಗದ್ದರಿ.”

“ಆಗದ್ದು ಅಂದ್ರ, ಕರ್ತನ ರೊಟ್ಟಿ ಉಗುಳಿಸಿ, ಒಲಿಗೆ ಹಾಕಿಸಿ, ಅದನ್ನ ಕುಂತು ಯೋಚನಿ ಮಾಡಿ ಬರದಿ? ಸಿಟ್ಟಿಲ್ಲ, ದುಃಖಿಲ್ಲ, ಬರೇ ಬರಿಯೂ ಸಲುವಾಗಿ?”

“ದುಃಖಿತ್ತಲ್ರಿ.”

“ಕೇಳು ಹನ್ನವ್ವ. ತಾಯಿ ಸಂಕಟಕ್ಕ ಹಂಗ ಮಾಡಿದ್ರ ನಾಳೆ ಸಭೆ ಮುಂದ ಹೇಳ್ಬಿಡು, ಕ್ಷಮಾ ಐತಿ. ಕರ್ತನ್ನ ಗೊತ್ತಽ ಇಲ್ಲ ಅಂದ ಪೇತ್ರಗಽ ಕ್ಷಮಾ ಸಿಕ್ಕಿತು. ಮಾಡದಽ ಬರದಿದ್ರ ಅದು ಕರ್ತನ ಭೋಜನದ ಹಾಸ್ಯ. ಅದಕ್ಕ ನಾ ಏನ್ ಮಾಡಲಿ? ಆ ಪಂಕ್ತಿಗೆ ನಿನ್ನ ಕೂಡಸಾಕ ಬರೂದಿಲ್ಲ. ನಿನ್ನ ಗಂಡನ ಸಾಲಿ ಮಾತು ನಾ ಆಡೂದಿಲ್ಲ, ಅದು ನಿನಗಽ ಗೊತ್ತು.”

ಮಾಡಿದ್ದರೆ ಮಾಫಿ, ಮಾಡದಿದ್ದರೆ ಶಿಕ್ಷೆ. ಅತ್ತ ದರಿ, ಇತ್ತ ಪುಲಿ. ಹನ್ನವ್ವನಿಗೆ ನಗು ಬರುವಂತಾಯಿತು. ಸತ್ಯವೇದದ ಹನ್ನಳೂ ಗುಡಿಯಲ್ಲಿ ಮಗು ಬೇಡಿ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದಾಗ ಯಾಜಕ ಅವಳನ್ನು ಕುಡಿದವಳೆಂದು ತಿಳಿದನಲ್ಲ. ಆದರೆ ಆ ಯಾಜಕ ಕೇಳಿ ತಿಳಿದುಕೊಂಡ, ಆ ಹನ್ನಳಿಗೆ ಮಗುವೂ ಹುಟ್ಟಿತು.

“ಇಂಥಾ ವಿಚಾರ ಎಲ್ಲಿಂದ ಬಂತು, ಅದನ್ನರ ಹೇಳು,” ಎಂದ ಯೋಸೇಫಪ್ಪ. “ಮನ್ಯಾಗ ಯಾರರ ಅಂಥಾದ್ದು ಮಾಡಿದ್ರೇನು? ತಾಯಿತಾ, ಊದ, ಅಂಥಾದ್ದು?”

ಅಡಿಗೆಮನೆಯಲ್ಲಿ ಹಿತ್ತಾಳೆಯ ತಂಬಿಗೆಯೊಂದು ಬಿದ್ದು ಉರುಳಿತು. ರಾಹೇಲವ್ವ ಅದನ್ನು ಎತ್ತಿಕೊಳ್ಳಲಿಲ್ಲ. ಹನ್ನವ್ವ ಬಾಗಿಲ ಸಂದಿಯಲ್ಲಿ ಮುದುಕಿಯ ಮುಖ ನೋಡಿದಳು. ಹೌದು ಎಂಬ ಒಂದು ಮಾತಿನಿಂದ ತಾನು ಪಾರಾಗಬಹುದಿತ್ತು. ಮೂವತ್ತು ವರ್ಷ ಸಭೆಯ ಹೆಂಗಸರ ಮುಂದಿನ ಸಾಲಿನಲ್ಲಿ ಕುಳಿತ ಮುದುಕಿ ಹಿಂದಿನ ಗೋಡೆಗೆ ಹೋಗಬೇಕಾಗುತ್ತಿತ್ತು. ಗಂಡನ ಮುಂದೆ ಬಾಯಿ ಬಿಡುವ ದಿನ ಮತ್ತೆ ಬರುತ್ತಿರಲಿಲ್ಲ.

“ಯಾರೂ ಇಲ್ರಿ. ನಾನಽ ಮಾಡಿದ್ದು,” ಎಂದಳು ಹನ್ನವ್ವ. “ನಾಳೆ ಹೇಳ್ತೇನಿ.”

ಸಿಮಿಯೋನಪ್ಪ ಮೊಣಕಾಲೂರಿ, “ಕರ್ತಾ, ನಿನಗ ಸ್ತೋತ್ರ” ಎಂದು ಗೊಳೋ ಎಂದು ಅತ್ತುಬಿಟ್ಟ. ಸೊಸೆ ಸುಳ್ಳಿಯಲ್ಲ, ಪಾಪಿ ಮಾತ್ರ ಎಂದು ತಿಳಿದು ಅವನ ಎದೆಯ ಭಾರ ಇಳಿದಿತ್ತು.

ಭಾನುವಾರ ಸಭೆ ತುಂಬಿತ್ತು. ಹುನಗುಂದದಲ್ಲಿ ಕೋರ್ಟಿನ ಕೆಲಸಕ್ಕಿದ್ದ ಸಭೆಯವರೂ ಬೆಳಗಿನ ಬಸ್ಸಿಗೆ ಬಂದಿದ್ದರು. ಪಾಲಕರು ಹೆಸರು ಕರೆದರು. ಹನ್ನವ್ವ ಎದ್ದು ನಿಂತಾಗ ಎರಡು ಮಾತು ಹೇಳಿ ಕೂತುಬಿಡಬೇಕು ಎಂದೇ ಇದ್ದಳು. ಆದರೆ ಬಾಯಿ ತೆರೆದ ಮೇಲೆ ಅವಳಲ್ಲಿದ್ದ ಕಥೆಗಾರ್ತಿ ಬಿಡಲಿಲ್ಲ. ಎರಡೇ ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಎಂಬುದು ಬರೆಯುವವರಿಗೆ ಗೊತ್ತಿರುತ್ತದೆ.

“ಗಂಟು ಬಿಚ್ಚೂವಾಗ ನನ್ನ ಬೆರಳು ನಡಗತಿದ್ವು,” ಎಂದಳು. “ಹಲ್ಲಿಲೆ ಬಿಚ್ಚಿದೆ. ರೊಟ್ಟಿ ಸೆರಗಿನ ಬಣ್ಣಕ್ಕ ಕೆಂಪಾಗಿತ್ತು. ಕೂಸು ನನ್ನ ಮಾರಿ ನೋಡ್ತು. ನನ್ನ ದೇವರು ಕ್ಷಮಾ ಮಾಡ್ಯಾನ. ಆತಗ ಸ್ತೋತ್ರ.”

ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಗಂಡಸರ ಕಡೆಯಿಂದಲೂ ಮೂಗು ಒರೆಸುವ ಸಪ್ಪಳ ಕೇಳಿತು. “ಆಮೆನ್” ಎಂಬ ಕೂಗಿಗೆ ಹಂಚಿನ ಮೇಲಿನ ಪಾರಿವಾಳಗಳು ಹಾರಿದವು. ಆ ಸಭೆಯಲ್ಲಿ ಅಷ್ಟು ಚೆನ್ನಾದ ಸಾಕ್ಷಿಯನ್ನು ಯಾರೂ ಕೇಳಿರಲಿಲ್ಲ. ಸಿಮಿಯೋನಪ್ಪ ರೊಟ್ಟಿಯ ತಟ್ಟೆ ಹಿಡಿದು ಮೊದಲು ಸೊಸೆಯ ಮುಂದೆಯೇ ಬಂದು ನಿಂತ. ಹನ್ನವ್ವ ಒಂದು ತುಣುಕು ತೆಗೆದುಕೊಂಡಳು. ಎಲ್ಲರ ಕಣ್ಣೂ ಅವಳ ಗಂಟಲ ಮೇಲೆ. ಅವಳು ನುಂಗಿದಳು. ಹುಟ್ಟಿದಾಗಿನಿಂದ ದೇವರ ಮನೆಯಲ್ಲಿ ಅವಳು ಸುಳ್ಳು ಆಡಿರಲಿಲ್ಲ. ಅಂದು ಆಡಿದಳು, ಅಂದೇ ಅವಳನ್ನು ಸತ್ಯವಂತೆ ಎಂದರು.

ಮನೆಯಲ್ಲಿ ಕೋಳಿ ಕೊಯ್ದು ಸಾರು ಮಾಡಿದರು, ಗೋದಿ ಹುಗ್ಗಿ ಮಾಡಿದರು. “ಹನ್ನವ್ವಾ, ಉಪ್ಪು ಹದಾ ಐತಿ ನೋಡು,” ಎಂದು ಮಾವ ಅವಳಿಗೇ ನೇರವಾಗಿ ಹೇಳಿದ. ಸಭೆಗೆ ಬಂದಿದ್ದ ಬಾದಾಮಿಯವರು ಹೊಸ ವರ್ಷಕ್ಕೆ ಮದುವೆಯ ಮಾತಿಗೆ ಬರುತ್ತೇವೆಂದು ಹೇಳಿ ಹೋದರು. ದಯಾವತಿ ವೈನಿಯ ಕೊರಳಿಗೆ ಜೋತುಬಿದ್ದಳು. ಸಭೆಯಿಂದ ಬರುವಾಗ ವಾಚನಾಲಯಕ್ಕೆ ಪುಸ್ತಕ ಮರಳಿಸಲು ಹೋಗಿದ್ದ ಅವಳೇ ಪಂಢರೀನಾಥ ಮಾಸ್ತರರ ಮಾತನ್ನೂ ಹೊತ್ತು ತಂದಳು: “ವೈನಿ, ಮಾಸ್ತರು ಏನಂದ್ರು ಗೊತ್ತೇನ್ರಿ? ‘ಓಹೋ, ಖರೇ ನಡದದ್ದೇನು? ಅದಕ್ಕಽ ಅಷ್ಟು ಛಲೋ ಬಂದದ’ ಅಂದ್ರು.”

ಹನ್ನವ್ವ ಹುಗ್ಗಿಯ ಪಾತ್ರೆ ಕೆಳಗಿಟ್ಟಳು. ಆ ಒಬ್ಬ ಓದುಗನನ್ನು ಅವಳು ನೆಚ್ಚಿಕೊಂಡಿದ್ದಳು.

ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಕರುಣಾಕರ ಹಿತ್ತಲಿಗೆ ಬಂದ. ಅವಳು ಮುಸುರೆ ತಿಕ್ಕುತ್ತಿದ್ದಳು.

“ಹನ್ನಾ, ಒಂದು ಕೇಳ್ತೇನಿ. ಸಿಟ್ಟಾಗಬ್ಯಾಡ.”

“ಕೇಳ್ರಿ.”

“ಹಲ್ಲಿಲೆ ಗಂಟು ಬಿಚ್ಚಿದ್ದು, ರೊಟ್ಟಿಗೆ ಬಣ್ಣಾ ಹತ್ತಿದ್ದು, ಇದೆಲ್ಲಾ ಪತ್ರಿಕಿಯೊಳಗ ಇರಲಿಲ್ಲ. ನನಗೂ ನೀ ಓದಿ ಹೇಳಿರಲಿಲ್ಲ.”

“ಹೇಳೂವಾಗ ಬಂತು.”

“ಹೇಳೂವಾಗ ಬಂತು,” ಎಂದ ಕರುಣಾಕರ, ಅವಳ ಸೆರಗನ್ನೇ ನೋಡುತ್ತ. “ಹಂಗ ಬರತೈತೇನು?”

“ನೀವಽ ಹೇಳು ಅಂದ್ರಿ.”

“ಹೇಳು ಅಂದೆ ಖರೆ. ಆದ್ರ ಹಂಗ ಹೇಳಿದ್ಯಲ್ಲ... ಖರೇ ಹೇಳು ಹನ್ನಾ, ಮಾಡಿದ್ದೇನು?”

ಅವಳು ಬೂದಿ ಮೆತ್ತಿದ ಕೈಯಿಂದ ಅದೇ ತಾಟನ್ನು ತಿಕ್ಕುತ್ತಲೇ ಇದ್ದಳು. ಅವನು ಒಳಗೆ ಹೋದ. ಇಷ್ಟು ದಿನ ಓಣಿಯೆಲ್ಲ ಒಂದು ಕಡೆ, ಈ ಒಬ್ಬ ಮನುಷ್ಯ ತನ್ನ ಕಡೆ ಎಂಬ ಧೈರ್ಯವಿತ್ತು. ಹಿತ್ತಲಲ್ಲಿ ಈಗ ಅವಳೊಬ್ಬಳೇ ಇದ್ದಳು. ಆ ಕ್ಷಣಕ್ಕೆ ಸತ್ತುಹೋಗಬೇಕು ಎನ್ನಿಸಿತು ಅವಳಿಗೆ. ಆದರೆ ತಾಟುಗಳು ಇನ್ನೂ ಉಳಿದಿದ್ದವು.

ಮರುದಿನ ಬೆಳಗ್ಗೆ ರಾಹೇಲವ್ವ ಒಲೆಯ ಬದಿಗೆ ಬಂದು ಕುಳಿತಳು. ಅಷ್ಟು ವಾರಗಳ ಮೇಲೆ ಮೊದಲ ಸಲ ಸೊಸೆಯ ಮುಖ ನೋಡಿದಳು. ನೀನು ನನ್ನ ಗುಟ್ಟು ಕಾಯ್ದೆ ಎಂಬ ಮಾತು ಬರುತ್ತದೆ ಎಂದು ಹನ್ನವ್ವ ಕಾದಳು. ಅವಳಿಗೆ ಅಷ್ಟು ಸಾಕಿತ್ತು.

“ಹನ್ನವ್ವಾ,” ಎಂದಳು ಮುದುಕಿ ಸಣ್ಣ ದನಿಯಲ್ಲಿ. “ಆ ತುಣುಕು ಕೂಸು ನುಂಗಿತ್ತೇನು?”

ಹನ್ನವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

“ಪತ್ರಿಕಿಯೊಳಗ ಉಗುಳಿತು ಅಂತ ಇತ್ತು. ನಿನ್ನೆ ನೀ ಅದನ್ನ ಹೇಳಲಿಲ್ಲ. ವರ್ಷೆಲ್ಲಾ ಒಳಗೊಳಗ ಸುಟ್ಟುಕೊಂಡೇನಿ ನಾ. ಹೊರಗಿನ ಬೂದಿ ಹಚ್ಚಿದೆ, ಅದಕ್ಕಽ ದೇವರು ಕೂಸಿನ ಕಸಗೊಂಡ ಅಂತ. ಆತನ ರೊಟ್ಟಿ ಹೊಟ್ಯಾಗ ಇಟಗೊಂಡು ಹೋಗಿತ್ತಂದ್ರ ಆತ ಒಳಗ ಕರಕೊಂಡಿರ್ತಾನ ಅಲ್ಲೇನವಾ? ಹೇಳು, ನುಂಗಿತ್ತೇನು?”

ಕೊನೆಯ ಆ ದಿನಗಳಲ್ಲಿ ರೂತಿಯ ಗಂಟಲಲ್ಲಿ ನೀರು ಕೂಡ ಇಳಿಯುತ್ತಿರಲಿಲ್ಲ. ಒದ್ದೆ ಅರಳೆಯಿಂದ ತುಟಿ ಒರೆಸುತ್ತ ಕುಳಿತವರು ಇವರಿಬ್ಬರೇ. ಮುದುಕಿಗೆ ಅದು ಮರೆತುಹೋಗಿತ್ತೋ, ಮರೆಯಬೇಕೆಂದಿತ್ತೋ. ಕಣ್ಣು ಬಿಟ್ಟುಕೊಂಡು ಸೊಸೆಯ ಬಾಯಿಯನ್ನೇ ನೋಡುತ್ತಿದ್ದಳು.

“ನುಂಗಿದ್ಲು ಅತ್ತಿ,” ಎಂದಳು ಹನ್ನವ್ವ. “ಉಗುಳಿದ್ದು, ಅದೊಂದು ಕಟ್ಟಿದ್ದು.”

ರಾಹೇಲವ್ವ ಸೊಸೆಯ ಹಿಟ್ಟಿನ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡಳು. ಅಂದು ಅವಳು ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಶುಕ್ರವಾರ ಓಣಿಯವರು ಸೇರಿದಾಗ ಯಾರೂ ಹೆಸರು ಕರೆಯುವ ಮುಂಚೆಯೇ ಎದ್ದು ನಿಂತು, ತನ್ನ ಮೊಮ್ಮಗಳು ಕರ್ತನ ರೊಟ್ಟಿ ತಿಂದು, ಅಜ್ಜಿಯ ಮುಖ ನೋಡಿ ನಕ್ಕು, ಹಾಡಿನ ದನಿ ಕೇಳುತ್ತ ಕಣ್ಣು ಮುಚ್ಚಿದಳು ಎಂದು ಸಾಕ್ಷಿ ಹೇಳಿದಳು. ಸಿಮಿಯೋನಪ್ಪ ತಲೆದೂಗಿದ. ಕರುಣಾಕರನೂ ಕಣ್ಣೊರೆಸಿಕೊಂಡ. ಬಾಯಾರಿ, ನಾಲಿಗೆ ಒಣಗಿ, ಯಾವ ಹಾಡೂ ಕೇಳದೆ ಹೋದ ರೂತಿ ಇನ್ನು ಹನ್ನವ್ವನೊಬ್ಬಳಿಗೇ ಉಳಿದಳು. ಆ ಕೂಸಿನ ಮಾತನ್ನು ಈ ಮನೆಯಲ್ಲಿ ಆಡುವಂತಿರಲಿಲ್ಲ, ಪತ್ರಿಕೆಗೆ ಬರೆಯುವಂತಿರಲಿಲ್ಲ, ಪ್ರಾರ್ಥನೆಯಲ್ಲಿ ಹೇಳೋಣವೆಂದರೆ ಬಾಯೇ ಹೊಲಸಾಗಿತ್ತು.

“ದೇವರಿಗೆ ಸ್ತೋತ್ರ,” ಎಂದು ಮುಗಿಸಿದಳು ರಾಹೇಲವ್ವ.

ಎಲ್ಲರೂ ಆಮೆನ್ ಎಂದರು. ಹನ್ನವ್ವನೂ ಎಂದಳು.